ಕಿವಿ ಇದ್ದ ರೊಟ್ಟಿ

ಖಾತೂನ್‌ಬೀ ಬಗ್ಗೆ ನಾನೇ ಬರೆಯಬೇಕಾಗಿ ಬಂದಿದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಅವಳು ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಕೊಟ್ಟಿದ್ದು ಸಿಂಧನೂರಿಗೆ. ಅಲ್ಲಿ ಹತ್ತಿ ಗಿರಣಿಯ ಕೆಲಸಕ್ಕೆ ಹೋಗಿ ಬಲಗೈ ತೋರುಬೆರಳನ್ನು ಅರ್ಧಕ್ಕೆ ಕಳೆದುಕೊಂಡಳು. ಗಂಡ ತೀರಿದ ಮೇಲೆ ಮಸ್ಕಿಗೆ ಬಂದು ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಳು. ಅದಾಗಿ ಮೂವತ್ತು ವರ್ಷ. ಬಂದವಳೇ ರೊಟ್ಟಿ ಮಾಡಿ ಮಾರಲು ಕುಳಿತಳು. ಬೆರಳಿಲ್ಲದ ಕೈಯಲ್ಲಿ ಜೋಳದ ಹಿಟ್ಟು ತಟ್ಟುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೊದಮೊದಲು ಅರ್ಧದಷ್ಟು ರೊಟ್ಟಿ ಹರಿದು ಹೋಗುತ್ತಿದ್ದವು. ಆಮೇಲೆ ಕೈ ಕೂತಿತು. ಆದರೂ ತಿರುಗಿಸುವಾಗ ಒಂದು ಕಡೆ ಅಂಚು ಸರಿಯಾಗಿ ತಟ್ಟಿಸಿಕೊಳ್ಳದೆ ಸಣ್ಣ ಕಿವಿಯ ಹಾಗೆ ಹೊರಗೆ ಉಳಿಯುತ್ತದೆ. ಅವಳ ಪ್ರತಿ ರೊಟ್ಟಿಗೂ ಆ ಕಿವಿ ಇರುತ್ತದೆ. ಓಣಿಯ ಮಕ್ಕಳು ಆ ಕಿವಿಯನ್ನೇ ಮೊದಲು ಮುರಿದು ತಿನ್ನುತ್ತಾರೆ.

ನಮ್ಮ ಯಜಮಾನರು ತೀರಿಕೊಂಡಾಗ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಖಾತೂನ್‌ಬೀ ರೊಟ್ಟಿಯ ಗಂಟನ್ನು ಹೊಸ್ತಿಲ ಹೊರಗೆ ಇಟ್ಟು ನಿಂತಳು. ತನ್ನ ಮನೆಯದು ನಾನು ಉಣ್ಣುವೆನೋ ಇಲ್ಲವೋ ಎಂಬ ಅನುಮಾನ ಅವಳಿಗೆ. "ಒಳಗ ಬಾ" ಅಂದೆ. ಆವತ್ತಿನಿಂದ ಆ ಹೊಸ್ತಿಲು ಅವಳಿಗೆ ಅಡ್ಡ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಹೊರದೇಶದ ಮಂತ್ರಿಯೊಬ್ಬರು ನಮ್ಮ ಗುಡ್ಡದ ಅಶೋಕನ ಶಾಸನ ನೋಡಲು ಬಂದರು. ಅತಿಥಿಗೆ ಈ ಕಡೆಯ ಊಟದ ರುಚಿ ತೋರಿಸಬೇಕೆಂದು ತಾಲ್ಲೂಕು ಕಚೇರಿಯವರು ನಮ್ಮ ಓಣಿಗೆ ಹೇಳಿ ಕಳಿಸಿದ್ದರು. ಖಾತೂನ್‌ಬೀ ರೊಟ್ಟಿ ಮಾಡಿದಳು, ನಾನು ಪುಂಡಿ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ.

"ಗುಡ್ಡ ಹತ್ತಾಕ ನನ್ನ ಮಣಕಾಲು ಕೇಳಂಗಿಲ್ಲಕ್ಕಾ. ನೀನ ಒಯ್ಯಿ" ಅಂದಳು.

ಒಯ್ದೆ. ಮಂತ್ರಿ ಕಾಲು ತಾಸು ಮಾತಾಡಿದರು. ಅಶೋಕ ರಾಜ ಯುದ್ಧ ಬಿಟ್ಟಿದ್ದು, ಎರಡು ದೇಶಗಳ ಸ್ನೇಹ, ಸಮುದ್ರದ ವ್ಯಾಪಾರ, ಓದುವ ಹುಡುಗರ ಓಡಾಟ. ಜೊತೆಗಿದ್ದವರು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಮೇಲೆ ಮಂತ್ರಿ ರೊಟ್ಟಿ ಮುರಿದು ತಿಂದರು. ತಮ್ಮ ತಾಯಿಯ ಊರಲ್ಲೂ ಹೀಗೇ ಕೈಯಲ್ಲಿ ತಟ್ಟುತ್ತಾರಂತೆ. ಇನ್ನೊಂದನ್ನು ಎತ್ತಿ ಹಿಡಿದು ಏನೋ ಕೇಳಿದರು.

"ಇದು ಯಾರ ಕೈ ರೊಟ್ಟಿ ಅಂತ ಕೇಳಾಕತ್ತಾರ, ಅಮ್ಮಾ" ಎಂದರು ಕನ್ನಡದಲ್ಲಿ ಹೇಳುತ್ತಿದ್ದವರು.

"ನಂದರೀ" ಅಂದೆ.

ಯಾಕೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಡ ಹೋದ ಮೇಲೆ ಮದುವೆ, ತೊಟ್ಟಿಲು, ಎಲ್ಲ ಕಡೆ ಗೋಡೆಗೆ ಆನಿಕೊಂಡು ಹಿಂದೆ ನಿಂತವಳು ನಾನು. ಅವತ್ತು ದೊಡ್ಡ ದೊಡ್ಡವರು ಸರಿದು ನನಗೆ ದಾರಿ ಬಿಟ್ಟಿದ್ದರು. ಅಷ್ಟೇ. ಅಷ್ಟಕ್ಕೇ ನನ್ನನ್ನು ಮಾರಿಕೊಂಡೆ.

ಮರುದಿನ ಪೇಪರಿನಲ್ಲಿ ಬಂತು. ಬರೆದವನು ನಮ್ಮ ಮಸ್ಕಿಯ ವರದಿಗಾರ ದುರುಗೇಶ. 'ಅಮರಮ್ಮನ ರೊಟ್ಟಿಗೆ ಮನಸೋತ ವಿದೇಶಿ ಮಂತ್ರಿ' ಎಂದು ದಪ್ಪ ಅಕ್ಷರ. 'ನಮ್ಮ ಸಂಬಂಧ ಈ ರೊಟ್ಟಿಯಷ್ಟೇ ಗಟ್ಟಿ' ಎಂದು ಮಂತ್ರಿ ನುಡಿದರಂತೆ. ಅವರು ಹಾಗೆ ಅಂದಿರಲಿಲ್ಲ, ಹತ್ತಿರ ನಿಂತವಳು ನಾನೇ. ಕಾಲು ತಾಸಿನ ಮಾತೆಲ್ಲ ಕೊನೆಗೆ ಎರಡು ಸಾಲಾಗಿತ್ತು. ಮೇಲೆ ಫೋಟೊ. ಮಂತ್ರಿಯ ಕೈಯಲ್ಲಿ ರೊಟ್ಟಿ, ರೊಟ್ಟಿಯ ಕಿವಿ ಎದ್ದು ಕಾಣುತ್ತಿತ್ತು.

ಚಹಾದಂಗಡಿಯ ಬಸ್ಸಪ್ಪ ಪೇಪರು ಹಿಡಿದುಕೊಂಡೇ ಕೇಳಿದ: "ಏನಬೇ ಅಮರಮ್ಮಾ, ನಿನ್ನ ರೊಟ್ಟಿಗೂ ಕಿವಿ ಬಂದಾವು?"

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ತಲೆ ತಗ್ಗಿಸಿ ಮನೆಗೆ ಬಂದೆ. ಖಾತೂನ್‌ಬೀ ನನ್ನ ಕಟ್ಟೆಯ ಮೇಲೆ ಕುಳಿತಿದ್ದಳು, ಕೈಯಲ್ಲಿ ಅದೇ ಪೇಪರು. ಅವಳಿಗೆ ಓದು ಬಾರದು.

"ನೋಡಕ್ಕಾ, ನನ್ನ ರೊಟ್ಟಿ ಪೇಪರಿನ್ಯಾಗ ಬಂದೈತಿ. ಏನ್ ಬರದಾರ, ಓದು."

ಕನ್ನಡಕ ಹಾಕಿಕೊಂಡೆ. ದಪ್ಪ ಅಕ್ಷರದ ಮೇಲೆ ಬೆರಳಿಟ್ಟು, "ಖಾತೂನ್‌ಬೀ ರೊಟ್ಟಿಗೆ ಮನಸೋತ ವಿದೇಶಿ ಮಂತ್ರಿ" ಎಂದು ಓದಿದೆ. ಪೂರ್ತಿ ಸುದ್ದಿಯನ್ನು ಹಾಗೇ, ನನ್ನ ಹೆಸರು ಬಂದಲ್ಲೆಲ್ಲ ಅವಳ ಹೆಸರು ಹಾಕಿ ಓದಿದೆ. ಅವಳು ನನ್ನ ಮುಖ ನೋಡುತ್ತಾ ಕೇಳಿಸಿಕೊಂಡಳು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಎದ್ದಳು.

"ಶುಕ್ರವಾರ ಲಿಂಗಸುಗೂರಿಗೆ ಹೋಗಿ ನಮ್ಮ ತಂಗಿಗೆ ತೋರಿಸ್ತೀನಿ. ಆಕಿ ಮೊಮ್ಮಗಳು ಕಾಲೇಜು ಓದಾಕತ್ತಾಳ" ಅಂದಳು.

ಆ ಹುಡುಗಿ ಓದಿದರೆ ನನ್ನ ಎರಡೂ ಸುಳ್ಳು ಒಟ್ಟಿಗೆ ಬಯಲಿಗೆ ಬೀಳುತ್ತವೆ. ಶುಕ್ರವಾರ ಬಸ್ ಸ್ಟ್ಯಾಂಡಿಗೆ ಓಡಿದೆ. ಅವಳು ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು.

"ಖಾತೂನ್, ಪೇಪರಿನ್ಯಾಗ ನಿನ್ನ ಹೆಸರಿಲ್ಲ. ನನ್ನದೈತಿ. ನಾನ ಹೇಳೀನಿ ನನ್ನ ಕೈ ರೊಟ್ಟಿ ಅಂತ."

"ಗೊತ್ತೈತಿ."

"ಯಾರ್ ಹೇಳಿದ್ರು?"

"ನಿನ್ನ ಬಾಗಲ ಮ್ಯಾಲ ನೀಲಿ ಬಣ್ಣದಾಗ ನಿನ್ನ ಹೆಸರು ಬರಸೀಯಲ್ಲ. ಇಷ್ಟು ವರ್ಷ ಅದನ್ನ ನೋಡ್ಕೊಂತ ಒಳಗ ಬಂದೀನಿ. ಅಷ್ಟ ಅಕ್ಷರ ಗುರ್ತು ಹಿಡಿಯಂಗಿಲ್ಲೇನು ನಾ?"

"ಹಂಗಾರ ನನಗ್ಯಾಕ ಓದಾಕ ಕೊಟ್ಟಿ?"

"ನೀ ಏನ್ ಓದ್ತಿ ಅಂತ ಕೇಳಬೇಕಿತ್ತು."

ಬಸ್ಸು ಬಂತು. ಮೊಣಕಾಲು ಹಿಡಿದುಕೊಂಡು ಹತ್ತಿದಳು. ನಾನು ಕೈ ಕೊಡಲು ಹೋದರೆ ಕಂಬಿಯನ್ನು ಹಿಡಿದಳು.

ದುರುಗೇಶನ ಬಳಿ ಹೋಗಿ ಸುದ್ದಿ ತಿದ್ದಿ ಹಾಕಪ್ಪಾ ಅಂದೆ. "ಮಂತ್ರಿ ತಮ್ಮ ದೇಶಕ್ಕ ಹೋಗ್ಯಾರ. ಈಗ ಯಾರ್ ಓದ್ತಾರ ಅಮ್ಮಾ, ಬಿಡು" ಅಂದ. ನಾನು ಬಿಡಲಿಲ್ಲ. "ಹಂಗಾರ ನೀನ ಬರಕೊಡು, ಭಾನುವಾರದ ಪುಟಕ್ಕ ಕಳಸ್ತೀನಿ" ಅಂದ. ಅದಕ್ಕೇ ಇದು.

ಖಾತೂನ್‌ಬೀ ಊರಿಂದ ಬಂದ ಮೇಲೂ ದಿನಾ ನನಗೆ ಎರಡು ರೊಟ್ಟಿ ತರುತ್ತಾಳೆ. ಗಂಟನ್ನು ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಾಳೆ. "ಒಳಗ ಬಾ" ಅನ್ನಲು ಈ ಸಲ ನನಗೆ ಬಾಯಿ ಬಂದಿಲ್ಲ. ಇದು ಅಚ್ಚಾದರೆ ಅವಳು ಪೇಪರು ಹಿಡಿದು ನನ್ನ ಕಟ್ಟೆಗೆ ಬರದಿದ್ದರೂ ಸರಿ. ಬೇರೆ ಯಾರಾದರೂ ಅವಳಿಗೆ ಓದಿ ಹೇಳಲಿ.