ಹುಳಿ ನೀರಿಗೆ ಎತ್ತಿದ ಆರತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರವರೆಲ್ಲ ಹೇಳುತ್ತಾರೆ. ಸುಳ್ಳು. ಆ ಕಪ್ಪು ಕಲ್ಲಿನ ರಾಶಿ ನಮ್ಮ ಹೊಲದ ಮೇಲ್ಭಾಗಕ್ಕೆ ಬಂದು ಬಿದ್ದಾಗ ನಾನು ಇಡೀ ಒಂದು ಮಳೆಗಾಲ ಸುಮ್ಮನೇ ಇದ್ದೆ. ಈಗ ನೆನೆಸಿಕೊಂಡರೆ, ಹಾಗೆ ಸುಮ್ಮನಿದ್ದದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ನಮ್ಮೂರು ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಒಂದಿಷ್ಟು ಕಬ್ಬು, ಎರಡು ಎಮ್ಮೆ, ನಮ್ಮ ಮಾವನವರ ಅಜ್ಜ ಕಲ್ಲು ಕಟ್ಟಿಸಿದ ಬಾವಿ, ಬಾವಿಯ ಪಕ್ಕ ಬೆಲ್ಲದ ಗಾಣ. ಗಾಣದಲ್ಲಿ ರಸ ಕುದಿಸುವ ಕೊಪ್ಪರಿಗೆಯ ಮುಂದೆ ನಿಲ್ಲುವವಳು ನಾನು. ನಮ್ಮಪ್ಪ ಊರೂರು ತಿರುಗಿ ಬೆಲ್ಲ ಇಳಿಸಿ ಕೊಡುತ್ತಿದ್ದವನು, ಅವನ ಕೈವಿದ್ಯೆ ನನಗೆ ಬಂತು. ಮದುವೆಯಾಗಿ ಬಂದ ಹೊಸದರಲ್ಲಿ, ಹೆಂಗಸು ಕೊಪ್ಪರಿಗೆ ನೋಡಿದರೆ ಬೆಲ್ಲ ಕಟ್ಟುವುದಿಲ್ಲ ಅಂದರು. ಕಟ್ಟಿತು. ಅಂದವರೇ ಸಂತೆಗೆ ಒಯ್ದು ಮಾರಿದರು.

ಬೆಲ್ಲದವರಿಗೆ ಹುಳಿಯೇ ವೈರಿ. ಕಡಿದ ಕಬ್ಬು ಎರಡು ದಿನ ಬಿಸಿಲಿಗೆ ಬಿದ್ದಿದ್ದರೆ ರಸ ಹುಳಿಯಾಗುತ್ತದೆ, ಅಂಥ ರಸದ ಬೆಲ್ಲ ಅಚ್ಚಿಗೆ ನಿಲ್ಲುವುದಿಲ್ಲ. ಆಗ ಸುಣ್ಣದ ತಿಳಿ ಹಾಕಿ ಹುಳಿ ಮುರಿಯುತ್ತೇವೆ. ಆದರೆ ಅಪ್ಪ ಸುಣ್ಣದ ಡಬ್ಬಿಗೆ ಕೈ ಹಾಕುವಾಗಲೆಲ್ಲ ಬೈಯುತ್ತಲೇ ಹಾಕುತ್ತಿದ್ದ. "ಸುಣ್ಣ ಅನ್ನೂದು ಅವಸರದ ಮದ್ದ. ಖರೇ ಮದ್ದ ಅಂದ್ರ ಕಡದ ಕಬ್ಬ ಅವತ್ತ ಗಾಣಕ್ಕ ಹಾಕೂದು," ಎನ್ನುತ್ತಿದ್ದ. ಈ ಮಾತನ್ನು ನಾನು ಕೂಲಿಯವರಿಗೆಲ್ಲ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದೇನೆ.

ಕಲ್ಲು ಬಂದದ್ದು ಹೀಗೆ. ನಮ್ಮ ಕಡೆಯ ರಸ್ತೆ ಕೆಲಸ ಹಿಡಿದ ಗುತ್ತಿಗೆದಾರನೊಬ್ಬ ಇದ್ದ. ಸಕ್ಕರೆ ಹೇರಿಕೊಂಡು ದೂರ ಹೋದ ಲಾರಿಗಳು ಖಾಲಿ ಬರುವುದೇಕೆ ಎಂದು, ಯಾವುದೋ ಗಣಿಯವರು ಬೇಡವೆಂದು ಗುಡ್ಡೆ ಹಾಕಿದ್ದ ಕಲ್ಲನ್ನು ಪುಕ್ಕಟೆ ತುಂಬಿಸಿ ತಂದ. ರಸ್ತೆಗೆ ಹಾಕುವವರೆಗೆ ಇರಲಿ ಎಂದು ನಮ್ಮ ಬಾವಿಗಿಂತ ಮೇಲೆ ಹೊಲದಲ್ಲಿದ್ದ ತಗ್ಗಿನಲ್ಲಿ ಸುರಿದ. ರಸ್ತೆ ಕೆಲಸ ನಿಂತುಹೋಯಿತು, ಕಲ್ಲು ಅಲ್ಲೇ ಉಳಿಯಿತು. ಕಪ್ಪು ಕಲ್ಲು, ಒಡೆದರೆ ಒಳಗೆಲ್ಲ ಬಂಗಾರದ ಪುಡಿ ಉದುರಿಸಿದ ಹಾಗೆ ಮಿನುಗು. ಊರವರು ಒಂದೊಂದು ತುಂಡು ಮನೆಗೆ ಒಯ್ದರು. ನಮ್ಮ ಅತ್ತೆಯೂ ಒಂದನ್ನು ತಂದು ದೇವರ ಜಗಲಿಯ ಮೇಲೆ ತಾಮ್ರದ ತಟ್ಟೆಯಲ್ಲಿಟ್ಟು, ದಿನಾ ನೀರೆರೆದು ಕುಂಕುಮ ಹಚ್ಚತೊಡಗಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಎಮ್ಮೆಗಳು ಬಾವಿಯ ನೀರಿಗೆ ಮೂತಿ ಇಟ್ಟು ತೆಗೆಯತೊಡಗಿದವು. ಕಬ್ಬಿಣದ ಬಕೆಟ್ಟಿನ ತಳ ತೂತು ಬಿತ್ತು. ಬಾವಿಯಲ್ಲಿ ಕಪ್ಪೆಯ ಸದ್ದೇ ಇಲ್ಲ. ನೀರು ಮಾತ್ರ ತಳ ಕಾಣುವಷ್ಟು ತಿಳಿ. ಇಷ್ಟು ತಿಳಿ ನೀರು ಕೆಟ್ಟಿರಲಿಕ್ಕಿಲ್ಲ ಎಂದು ನಾನೂ ಅಂದುಕೊಂಡೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆ ಕೂಗಿ ಕರೆದರು.

"ಬಾ ಇಲ್ಲಿ, ದೇವರ ಮಹಿಮಾ ನೋಡ ಬಾ! ನಾ ತಿಕ್ಕೇ ಇಲ್ಲ, ತಟ್ಟಿ ಹೆಂಗ ಫಳಫಳ ಅನ್ನಾಕತ್ತೈತಿ!"

ನಿಜ. ಕಲ್ಲಿನ ನೀರು ಇಳಿದ ಕಡೆಯೆಲ್ಲ ತಾಮ್ರದ ತಟ್ಟೆ ಹುಣಸೆಹಣ್ಣು ಹಚ್ಚಿ ತೊಳೆದ ಹಾಗೆ ಹೊಳೆಯುತ್ತಿತ್ತು. ಅತ್ತೆ ಕೈ ಮುಗಿದರು. ನಾನು ತಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ತಾಮ್ರ ಬೆಳಗುವುದು ಹುಳಿಗೆ, ದೇವರಿಗಲ್ಲ. ಅಂಗೈಯಷ್ಟು ಕಲ್ಲು ಒಂದು ತಟ್ಟೆಗೆ ಇಷ್ಟು ಮಾಡಿದರೆ, ಗುಡ್ಡದಷ್ಟು ಕಲ್ಲು ಕೆಳಗಿನ ಬಾವಿಗೆ ಏನು ಮಾಡಿರಬೇಡ? ಓಡಿಹೋಗಿ ಬಾವಿಯ ನೀರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದೆ. ಹಲ್ಲು ಚುಳ್ಳೆಂದವು.

ಆಮೇಲೆ ನಾನು ಮಾಡಿದ್ದು ನಾಚಿಕೆಗೇಡು. ಹುಳಿ ಎಂದು ಗೊತ್ತಾದದ್ದೇ ತಡ, ಕೈ ಸುಣ್ಣಕ್ಕೆ ಹೋಯಿತು. ಸುಣ್ಣದ ಕಲ್ಲನ್ನು ಚೀಲಗಟ್ಟಲೆ ತಂದು ಬಾವಿಗೆ ನೀರು ಬಸಿಯುವ ಕಡೆ ಸುರಿದೆ. ಒಂದೆರಡು ವಾರ ಎಮ್ಮೆಗಳು ಕುಡಿದವು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ, ಹುಳಿ ಮುರಿಯುವ ವಿದ್ಯೆ ನನ್ನ ಕೈಯಲ್ಲಿದೆ ಎಂದು. ಮೂರನೇ ವಾರ ಮತ್ತೆ ಮೂತಿ ತಿರುವಿದವು. ಹೋಗಿ ನೋಡಿದರೆ ಸುಣ್ಣದ ಕಲ್ಲಿಗೆಲ್ಲ ತುಕ್ಕಿನ ಕೆಂಪು ಹೊದಿಕೆ ಕಟ್ಟಿದೆ. ಒಡೆದರೆ ಒಳಗೆ ಬೆಳ್ಳಗೆ ಹಾಗೇ ಕುಳಿತಿದೆ, ನೀರಿಗೆ ಮುಟ್ಟುತ್ತಲೇ ಇಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಅಪ್ಪನ ಮಾತನ್ನೇ ಮರೆತಿದ್ದೆ. ಕಬ್ಬನ್ನು ಬಿಸಿಲಲ್ಲಿ ಬಿಟ್ಟು ಕೊಪ್ಪರಿಗೆಗೆ ಸುಣ್ಣ ಸುರಿಯುತ್ತ ಕುಳಿತಿದ್ದೆ. ಹುಳಿ ಹುಟ್ಟುತ್ತಿದ್ದದ್ದು ಬಾವಿಯಲ್ಲಲ್ಲ, ಮೇಲಿನ ಆ ರಾಶಿಯಲ್ಲಿ.

ನನ್ನ ಸಿಟ್ಟು ನಿಜವಾಗಿ ಶುರುವಾದದ್ದು ಅವತ್ತು. ತಾಲೂಕು ಕಚೇರಿಗೆ ಅರ್ಜಿ ಬರೆದೆ. ಮತ್ತೆ ಬರೆದೆ. ಮೂರನೆಯದಕ್ಕೆ ಮೇಲಿನ ಕಚೇರಿಯ ಸಾಹೇಬರೊಬ್ಬರು ಬರುತ್ತೇನೆಂದರು, ಗುತ್ತಿಗೆದಾರನೂ ಬರಬೇಕೆಂದರು. ನಮ್ಮ ಮನೆಯವರು ಬೆದರಿದರು. "ದೊಡ್ಡವರ ಜೋಡಿ ಜಗಳ ಬ್ಯಾಡ, ಚಾ ಕುಡಿಸಿ ಕಳಸೂಣು," ಅಂದರು. ನಾನು, "ಚಾ ಅಷ್ಟ ಯಾಕ, ಆರತೀನೂ ಮಾಡ್ತೀನಿ," ಅಂದೆ. ಅವರು ಖುಷಿಯಾದರು, ಪಾಪ.

ಅರಿಷಿಣಕ್ಕೆ ಚೂರು ಸುಣ್ಣ ಕಲಸಿದರೆ ನೀರು ಕೆಂಪಾಗುತ್ತದೆ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆರತಿ ತಟ್ಟೆಯಲ್ಲಿ ಆ ಕೆಂಪು ನೀರು ಹಾಕಿಕೊಂಡು, ಇಬ್ಬರೂ ಗಾಡಿ ಇಳಿಯುತ್ತಲೇ ಎದುರಿಗೆ ಹೋದೆ. ಗುತ್ತಿಗೆದಾರ ಟೊಪ್ಪಿಗೆ ಸರಿ ಮಾಡಿಕೊಂಡು ನಿಂತ. ಇಬ್ಬರಿಗೂ ಸರಿಯಾಗಿಯೇ ನಿವಾಳಿಸಿದೆ, ಮರ್ಯಾದೆಯಲ್ಲಿ ಕಡಿಮೆ ಮಾಡಲಿಲ್ಲ. ಆಮೇಲೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕೆಂಪು ನೀರನ್ನು ಎರಡು ಬಟ್ಟಲಿಗೆ ಸಮ ಸಮ ಹಂಚಿ, ನೀರು ತುಂಬಿದ ಎರಡು ತಂಬಿಗೆ ಪಕ್ಕದಲ್ಲಿಟ್ಟೆ.

"ಸಾಹೇಬ್ರ, ಈ ಚರಿಗ್ಯಾಗಿಂದು ಊರ ಬೋರಿನ ನೀರ. ಈ ಚರಿಗ್ಯಾಗಿಂದು ನಮ್ಮ ಬಾವೀದು. ಎರಡೂ ನೀವ ಹಾಕ್ರಿ."

ಸಾಹೇಬರು ಬೋರಿನ ನೀರು ಹಾಕಿದರು. ಕೆಂಪು ತುಸು ತಿಳಿಯಾಯಿತು, ಆದರೆ ಕೆಂಪೇ. ಬಾವಿಯ ನೀರು ಹಾಕಿದರು. ನೋಡುತ್ತಿದ್ದಂತೆಯೇ ಬಟ್ಟಲು ಹಳದಿಗೆ ತಿರುಗಿತು. ಅತ್ತೆ ಬಾಯಿಗೆ ಸೆರಗು ಹಿಡಿದರು.

"ಇದೇನ್ರಿ ಜಾದೂ?" ಗುತ್ತಿಗೆದಾರ ನಕ್ಕ.

"ಜಾದೂ ಅಲ್ರಿ. ನೀವು ತಂದ ಕಲ್ಲಿನ ಹುಳಿ ಸುಣ್ಣಾ ನುಂಗೇತಿ," ಅಂದೆ.

ಸಾಹೇಬರು ನಗಲಿಲ್ಲ. ರಾಶಿಯ ಹತ್ತಿರ ಹೋಗಿ ಕಲ್ಲು ಒಡೆದು ನೋಡಿದರು. ಆ ಮಿನುಗಿನಲ್ಲಿ ಗಂಧಕ ಇರುತ್ತದೆ, ಗಾಳಿ ಮತ್ತು ನೀರು ಎರಡೂ ತಾಗಿದರೆ ಆಮ್ಲ ಹುಟ್ಟುತ್ತಲೇ ಇರುತ್ತದೆ, ಗಣಿಗಳ ಕೆಳಗಿನ ಹಳ್ಳಗಳೆಲ್ಲ ಹೀಗೇ ಕೆಡುತ್ತವೆ ಎಂದರು. ಗುತ್ತಿಗೆದಾರನ ದನಿ ಮೆತ್ತಗಾಯಿತು. "ಕಾಳಜಿ ಮಾಡಬ್ಯಾಡ್ರಿ ತಾಯಿ, ತಿಂಗಳಾ ಒಂದ ಲಾರಿ ಸುಣ್ಣಾ ಕಳಸ್ತೀನಿ, ಹಾಕ್ಕೋಂತ ಹೋಗ್ರಿ," ಅಂದ.

"ಊರು ಕೊಳ್ಳಿ ಹೊಡದ ಮ್ಯಾಲೆ ಕ್ವಾಟಿ ಬಾಗಲಾ ಹಾಕಿದ್ರಂತ," ಅಂದೆ. "ಸುಣ್ಣಾ ಬ್ಯಾಡ್ರಿ. ಕಲ್ಲ ಒಯ್ರಿ. ಒಯ್ಯಾಕ ಆಗದ್ದಕ್ಕ ಗಾಳಿ, ನೀರು ಎರಡೂ ತಾಗದಂಗ ಮುಚ್ರಿ."

ಸಾಹೇಬರು ಹಾಗೆಯೇ ಬರೆದರು. ಮೇಲಿನ ಕಲ್ಲನ್ನು ಲಾರಿಗಳು ಒಯ್ದವು. ತಗ್ಗಿನ ಬುಡದಲ್ಲಿ ಕೂತದ್ದನ್ನು ಮುಚ್ಚಲು ಬಂದಾಗ ಮೊದಲ ಟಿಪ್ಪರ್‌ನಲ್ಲಿ ಇದ್ದದ್ದು ಹರಳು ಹರಳಾದ ಗರಸು ಮಣ್ಣು. ಅದರಲ್ಲಿ ನೀರು ಜರಡಿಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ನಾನು ಟಿಪ್ಪರ್‌ನ ಮುಂದೆ ಕೊಡ ಬೋರಲು ಹಾಕಿ ಅದರ ಮೇಲೆ ಕುಳಿತೆ. ಡ್ರೈವರ್ ಹಾರ್ನ್ ಹೊಡೆದ. "ಹೊಡ್ಯೋ ತಮ್ಮಾ, ಎಮ್ಮಿ ಕಾದಾಕಿಗೆ ಹಾರ್ನ್ ಹೊಸಾದಲ್ಲ," ಅಂದೆ. ಮಧ್ಯಾಹ್ನ ನಮ್ಮ ಮನೆಯವರು ಬಂದರು. ಎಬ್ಬಿಸಲು ಬಂದರೇನೋ ಅಂದುಕೊಂಡೆ. ಬುತ್ತಿ ತಂದಿದ್ದರು. ರೊಟ್ಟಿ ಕೈಗಿಟ್ಟು ನನ್ನ ಪಕ್ಕ ನೆಲದ ಮೇಲೆ ಕುಳಿತರು. ಅವತ್ತು ನನಗೆ ಅಳು ಬಂತು, ಒಪ್ಪಿಕೊಳ್ಳುತ್ತೇನೆ. ಸಂಜೆಯೊಳಗೆ ನೀರು ಇಳಿಯಗೊಡದ ಎರೆಮಣ್ಣು ಬಂತು. ಪದರು ಪದರಾಗಿ ಹಾಕಿ ರೋಲರ್ ಓಡಿಸಿದರು, ಮೇಲಿನಿಂದ ಬರುವ ಮಳೆನೀರು ಆಚೆ ತಿರುಗುವಂತೆ ಕಾಲುವೆ ತೋಡಿದರು.

ಬಾವಿ ಮಾತ್ರ ಅವಸರ ಮಾಡಲಿಲ್ಲ. ಎರಡು ಮಳೆಗಾಲ ಕಳೆದವು. ಗಾಣ ಬೋರಿನ ನೀರಿನಲ್ಲೇ ನಡೆಯಿತು, ಎಮ್ಮೆಗೂ ಅದನ್ನೇ ಹೊತ್ತೆವು. ಮೊನ್ನೆ ಗುತ್ತಿಗೆದಾರ ಒಬ್ಬನೇ ಬಂದ. ಕೈಯಲ್ಲಿ ಒಂದು ಕಾಗದ: ನನ್ನ ತಕರಾರು ತೀರಿದೆ, ಬಾವಿ ಸರಿಯಾಗಿದೆ, ಸಹಿ. ಅದಿಲ್ಲದೆ ಅವನ ಕಡತ ಮುಚ್ಚುವುದಿಲ್ಲವಂತೆ.

ನಾನು ಬಟ್ಟಲು ತಂದೆ. ಅರಿಷಿಣ, ಸುಣ್ಣ, ಕೆಂಪು ನೀರು. ಬಾವಿಯ ನೀರನ್ನು ಒಂದು ಲೋಟ ಹಾಕಿದೆ. ಕೆಂಪು. ಅವನ ಮುಖ ಅರಳಿತು. ಎರಡನೇ ಲೋಟ. ಕೆಂಪೇ. ಆ ಕೆಂಪು ಅವನಿಗಿಂತ ನನಗೆ ಹೆಚ್ಚು ಬೇಕಿತ್ತು. ಮೂರನೆಯದಕ್ಕೆ ಅಂಚಿನಿಂದ ಹಳದಿ ಹರಿದು ಬಂತು. ಹುಳಿ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

"ಎರಡಕ್ಕ ಕೆಂಪ ಇತ್ತಲ್ಲ ಅಕ್ಕಾರ," ಅಂದ ಅವನು. "ಸಾಕಲ್ಲ, ಮಾಡಿಬಿಡ್ರಿ ಸಹಿ."

"ಎರಡ ಗುಟುಕ ಕುಡದು ನಿಲ್ಲೂ ಎಮ್ಮಿ ನಮ್ಮನ್ಯಾಗ ಇಲ್ರಿ."

ಅವನು ಚಾಚಿದ ಪೆನ್ನಿಗೆ ಟೋಪಿ ಹಾಕಿ ಅವನ ಕೈಗೇ ಕೊಟ್ಟೆ. ಗೋಡೆಗೆ ಒರಗಿದ್ದ ಎರಡು ಕೊಡ ಎತ್ತಿಕೊಂಡು, ಎಮ್ಮೆಗೆ ನೀರು ತರಲು ಊರ ಬೋರಿಗೆ ಹೊರಟೆ.