ದುರ್ಬೀನಿನ ಪೆನ್ಸಿಲ್ ಗೆರೆ

ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗ ನನ್ನ ಕನ್ನಡಕ ಟ್ರಂಕಿನ ತಳದಲ್ಲಿತ್ತು, ಕಾನ್ವೆಂಟಿನ ನೀಲಿ ರಿಬ್ಬನ್ನು ಸುತ್ತಿಕೊಂಡು. ಹೆಣ್ಣು ನೋಡಲು ಬಂದವರಿಗೆ ಅದನ್ನು ತೋರಿಸಿರಲಿಲ್ಲ. "ಗೊತ್ತಾದ್ರೆ ವಾಪಸ್ ಕಳಿಸ್ತಾರೆ, ಹುಷಾರು" ಎಂದಿದ್ದರು ಅಮ್ಮ.

ಎರಡು ವರ್ಷ ಹಾಗೇ ಕಳೆದೆ. ಎದುರು ಮನೆಯ ಜಗುಲಿಯಲ್ಲಿ ಕೂತವರ ಮುಖ ಕಾಣದೆ ನಗದೆ ಬರುತ್ತಿದ್ದೆ. "ಕಾನ್ವೆಂಟು ಜಂಬ" ಎನ್ನುತ್ತಿದ್ದರು ಅತ್ತೆ.

ಪುಷ್ಯದ ಚಳಿಯಲ್ಲೊಂದು ಸಂಜೆ, ಸೈನ್ಸ್ ಮೇಷ್ಟರಾಗಿ ನಿವೃತ್ತರಾಗಿದ್ದ ಮಾವ ತಮ್ಮ ಹಿತ್ತಾಳೆ ದುರ್ಬೀನನ್ನು ಹಿತ್ತಲಲ್ಲಿ ನಿಲ್ಲಿಸಿದರು.

"ಕೃತ್ತಿಕೇಲಿ ಎಷ್ಟು ಕಾಣ್ತವೆ, ಹೇಳವ್ವ."

ನನಗೆ ಕಂಡದ್ದು ಚೆಲ್ಲಿದ ಮಜ್ಜಿಗೆಯಂಥ ಒಂದು ಕಲೆ. ಎಲ್ಲರೂ ಆರು ಅನ್ನುತ್ತಾರಲ್ಲ, "ಆರು" ಅಂದುಬಿಟ್ಟೆ.

ಕಣ್ಣಿಟ್ಟರೆ ದುರ್ಬೀನಿನಲ್ಲೂ ಮಂಜೇ. ಕೈ ತಾನಾಗಿ ಕಣ್ಣಿಡುವ ಕಡೆಯ ಕೊಳವೆಯನ್ನು ಒಳಕ್ಕೆ ತಳ್ಳಿತು. ಅಬ್ಬಾ! ಸೂಜಿಮೊನೆಯಂಥ ನಕ್ಷತ್ರಗಳು, ಹತ್ತಾರು. ಎರಡು ವರ್ಷದಲ್ಲಿ ದೂರದ್ದೊಂದು ನನಗೆ ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು.

ಆಮೇಲೆ ಮಾವ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯತ್ತ ತಿರುಗಿಸಿಕೊಟ್ಟರು. ಅಲ್ಲಿ ನಕ್ಷತ್ರಗಳ ಸುತ್ತ ಬೂದು ಹೊಗೆ. ಎಷ್ಟು ತಳ್ಳಿದರೂ ಎಳೆದರೂ ಹೋಗಲೊಲ್ಲದು. ನನ್ನ ಕಣ್ಣು ಇನ್ನೂ ಕೆಟ್ಟಿತೇ ಎಂದು ಬೆವತೆ.

"ಅದು ನೀಹಾರಿಕೆ. ನನಗೂ ಹೊಗೇನೇ ಕಣವ್ವ" ಎಂದು ನಕ್ಕು ಮಾವ ಕಣ್ಣಿಟ್ಟರು. ನಗು ನಿಂತಿತು. "ಇದೇನು, ನಕ್ಷತ್ರಾನೂ ಮಂಜಾಗವೆ?"

"ಮುರಿದ್ಬುಟ್ಟಳಾ?" ಎಂದರು ಬಾಗಿಲಲ್ಲಿದ್ದ ಅತ್ತೆ.

ಮಾವ ಲಾಟೀನು ಎತ್ತಿದರು. ತಮ್ಮ ಕಣ್ಣಿಗೆ ಸರಿಯಾಗುವಲ್ಲಿ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದರು. ಅದೀಗ ಒಳಗೆ ಹೋಗಿತ್ತು; ಅಕ್ಕಿಕಾಳಿನಷ್ಟು ಎಳೆದ ಮೇಲೆ ಹೊರಗೆ ಕಂಡಿತು. ಗೆರೆಯನ್ನೂ ನನ್ನನ್ನೂ ನೋಡಿದರು.

"ಸ್ಕೂಲಲ್ಲಿ ಕನ್ನಡಕ ತೆಗೆದು ನೋಡಿದ ಮಕ್ಕಳೆಲ್ಲ ಇಷ್ಟೇ ಒಳಕ್ಕೆ ತಳ್ಳೋರು. ನಿನ್ನದು ಎಲ್ಲವ್ವಾ?"

"ಟ್ರಂಕಲ್ಲಿ."

"ತಗೊಂಡು ಬಾ."

ರಿಬ್ಬನ್ನಿನ ಗಂಟು ಬಿಚ್ಚಿದೆ. ತವರಿಗೆ ಹೋಗುವ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದೂ ಯೋಚಿಸಿದೆ. ಹಾಕಿಕೊಂಡು ಬಂದು ನಿಂತೆ. ಮೊದಲು ಕಂಡದ್ದು ಬಾಗಿಲಲ್ಲಿದ್ದ ಅತ್ತೆಯ ಮುಖ. ಸಿಟ್ಟೇನೋ ಎಂದು ಹುಡುಕಿದೆ. ಬಾಯಿ ತೆರೆದೇ ಇತ್ತು.

"ಅಂಗಾರೆ ಅದು ಜಂಬ ಅಲ್ವಾ? ಅಯ್ಯೋ ಶಿವ್ನೇ, ಬೀದಿಯೋರ್ ಮುಂದೆಲ್ಲ ಜಂಬದೋಳು ಅಂದ್ಬುಟ್ಟಿದೀನಲ್ಲ!"

ನಾನು ಕನ್ನಡಕಕ್ಕೆ ಕೈ ಹಾಕಿದೆ.

"ತೆಗೀಬ್ಯಾಡ" ಎಂದರು ಅತ್ತೆ. "ನಾಳೆ ಎದುರು ಮನೆಯೋಳ್ನ ನೋಡಿ ಒಂದ್ಸಲ ನಗು, ಸಾಕು."