ಸಿಪಾಯಿಯನ್ನು ಮನೆಗೆ ತರುವ ಟೈಲರಣ್ಣ

ನಮ್ಮ ಮನೆಯ ಕೆಳಗೆ ಅಂಗಡಿ ಇಟ್ಟಿರುವ ಟೈಲರಣ್ಣನಿಗೆ ಯುದ್ಧ ಬೇಡವೆನ್ನುವ ಹಳೆಯ ಜನಪದ ಹಾಡುಗಳೆಂದರೆ ಪ್ರಾಣ. ಆದರೆ ಅಂಗಡಿಯಲ್ಲಾಗಲಿ ಸಭೆಯಲ್ಲಾಗಲಿ ಒಂದನ್ನೂ ಇದ್ದ ಹಾಗೆ ಹಾಡಿದವನಲ್ಲ. ಹೊಲಿಗೆ ಯಂತ್ರ ತುಳಿಯುವ ಸದ್ದೇ ಅವನ ತಾಳ. ಆ ಸದ್ದಿಗೆ ನನ್ನ ಕೂಸು ತಟ್ಟನೆ ನಿದ್ದೆಹೋಗುವುದರಿಂದ, ಹೊಲಿಸಲು ಏನೂ ಇಲ್ಲದಿದ್ದರೂ ನಾನು ಹೋಗಿ ಕೂರುತ್ತೇನೆ. ಮೂಲದಲ್ಲಿ ಸೇನಾಪತಿ ಗರ್ಜಿಸಿದರೆ ಇವನ ಹಾಡಿನಲ್ಲಿ ಅವನ ಪ್ಯಾಂಟಿನ ಹೊಲಿಗೆ ಬಿಟ್ಟಿರುತ್ತದೆ; ಫಿರಂಗಿಗೆ ಹೊದಿಸಿದ ಬಟ್ಟೆ ದಿಂಬಿನ ಚೀಲವಾಗುತ್ತದೆ. "ಒಳ್ಳೇ ಹಾಡು ಕೆಡಿಸ್ತೀಯಲ್ಲೋ!" ಎಂದು ಅಂಗಿ ಹೊಲಿಸಲು ಬರುವ ಶಾಲೆ ಮೇಷ್ಟ್ರು ಬೈದರೆ, "ಬಿಗಿ ಇತ್ತು, ಸ್ವಲ್ಪ ಸಡಿಲ ಮಾಡ್ದೆ ಅಷ್ಟೇ ಮೇಷ್ಟ್ರೇ" ಎನ್ನುತ್ತಾನೆ. ಅವನ ಮೆಚ್ಚಿನ ಹನ್ನೆರಡು ನುಡಿಯ ಹಾಡೊಂದರ ಕೊನೆಯ ನುಡಿಯಲ್ಲಿ ಸಿಪಾಯಿ ಮನೆಗೆ ಮರಳುವುದಿಲ್ಲ. ಇವನು ಮಾತ್ರ ದಿನಕ್ಕೊಂದು ಬಗೆಯಲ್ಲಿ ಅವನನ್ನು ಕರೆತಂದು, ಬಿಸಿನೀರು ಹುಯ್ದು, ಊಟಕ್ಕೆ ಕೂರಿಸುತ್ತಿದ್ದ. ಮೊನ್ನೆ ಹಾಗೆ ಕೂರಿಸುತ್ತಿರುವಾಗಲೇ, ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅವನ ತಾಯಿ ಸೂಜಿ ನಿಲ್ಲಿಸಿದರು. ಯುದ್ಧಕ್ಕೆ ಹೋದ ಅವರ ಹಿರಿಯ ಮಗ ಹಿಂದಿರುಗಲೇ ಇಲ್ಲ. "ಬಂದ ಅಂತ ಹಾಡಬೇಡ ಕಣೋ. ಹೆಂಗೂ ವಾಪಸ್ ಬರ್ತಾರೆ ಅಂದ್ಕೊಂಡು ಜನ ಮಕ್ಕಳನ್ನ ಕಳಿಸಿಬಿಡ್ತಾರೆ" ಎಂದರು. ಯಂತ್ರ ನಿಂತಿತು, ನನ್ನ ಕೂಸು ಎದ್ದು ರಾಗ ತೆಗೆಯಿತು. ಇವತ್ತು ಹೋದರೆ ಅವನು ಅದೇ ಹಾಡಿನ ಮೊದಲ ನುಡಿಯನ್ನೇ ಬಿಚ್ಚಿ ಹೊಲಿದಿದ್ದಾನೆ. ಯುದ್ಧಕ್ಕೆ ಬಾ ಎಂದು ಬಾಗಿಲಲ್ಲಿ ಡಂಗುರ ಸಾರಿದರೆ, "ಅಮ್ಮನ ಸೂಜಿಗೆ ದಾರ ಪೋಣಿಸ್ತಾ ಇದೀನಿ, ಪುರುಸೊತ್ತಿಲ್ಲ ಹೋಗ್ರಯ್ಯಾ" ಎನ್ನುತ್ತಾನೆ ಸಿಪಾಯಿಯಾಗಬೇಕಿದ್ದ ಹುಡುಗ. ಹುಡುಗ ಹೋಗದ ಮೇಲೆ ಯುದ್ಧವೆಲ್ಲಿ? ಹನ್ನೆರಡು ನುಡಿಯ ಹಾಡು ಒಂದೇ ನುಡಿಗೆ ಮುಗಿದುಹೋಯಿತು. ತಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಡೋ" ಎಂದರು.